ಬೆಂದ ಸೊಪ್ಪಿನ ಬಣ್ಣ

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನು ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು. ಊಟದ ಹೊತ್ತಿನಲ್ಲಿ ನಾನು ಫೋನ್ ಎತ್ತುವುದಿಲ್ಲ. ಅದು ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ಕೈ ತೊಳೆದು, ತಟ್ಟೆ ತೊಳೆದಿಟ್ಟು, ಒಂದು ಗಂಟೆಗೆ ನಾನೇ ತಿರುಗಿ ಮಾಡಿದೆ. ಮಾಕಳಿಯಿಂದ, ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಯ ಮಗ.

"ಅಮ್ಮ ಓಗ್ಬಿಟ್ರು ಸಾರ್, ಬೆಳಗ್ಗೆ," ಎಂದ. "ನಿಮಗೆ ತಿಳಿಸ್ಬೇಕು ಅಂತ ಮೊದ್ಲೇ ಏಳಿದ್ರು. ಹನ್ನೆರಡೂವರೆಗೆ ಮಾತ್ರ ಮಾಡ್ಬೇಡ, ಆವಯ್ಯ ಎತ್ತಲ್ಲ ಅಂತಾನೂ ಏಳಿದ್ರು. ನಂಗೇ ಮರ್ತೋಯ್ತು."

ನನ್ನ ತಟ್ಟೆಯಲ್ಲಿ ಆ ದಿನ ದಂಟಿನ ಸೊಪ್ಪಿನ ಪಲ್ಯವಿತ್ತು. ಅದಕ್ಕೂ ಸಾವಿಗೂ ಸಂಬಂಧವಿಲ್ಲ. ನಮ್ಮ ಮನೆಯಲ್ಲಿ ಮಂಗಳವಾರ ಸೊಪ್ಪು. ಆದರೆ ಮಂಗಳವಾರ ಸೊಪ್ಪು ಎಂಬ ನಿಯಮ ನಮ್ಮ ಮನೆಗೆ ಬಂದದ್ದು ಪೀಣ್ಯದ ನಮ್ಮ ಕಾರ್ಖಾನೆಯಿಂದ, ಕಾರ್ಖಾನೆಯಲ್ಲಿ ಆ ನಿಯಮ ಮಾಡಿದವರು ಆಕೆ.

ನಮ್ಮದು ಕಬ್ಬಿಣದ ಸಾಮಾನಿಗೆ ಬಣ್ಣ ಹಿಡಿಸುವ ಕಾರ್ಖಾನೆ. ಕಪಾಟು, ವಿದ್ಯುತ್ ಪೆಟ್ಟಿಗೆ, ಕಿಟಕಿಯ ಗ್ರಿಲ್, ಏನು ಬಂದರೂ ಮೊದಲು ಅದನ್ನು ತೊಟ್ಟಿಗಳಲ್ಲಿ ಮುಳುಗಿಸಿ ಎಣ್ಣೆ ಜಿಡ್ಡು ತೆಗೆಯುತ್ತಾರೆ, ಆಮೇಲೆ ಒಣ ಬಣ್ಣದ ಪುಡಿ ಸಿಂಪಡಿಸಿ ದೊಡ್ಡ ಓವನ್ನಿನಲ್ಲಿ ಬೇಯಿಸುತ್ತಾರೆ. ನಾನು ತಪಾಸಣೆ ವಿಭಾಗದ ಮುಖ್ಯಸ್ಥನಾಗಿದ್ದೆ. ಓವನ್ನಿನಿಂದ ಹೊರಬಂದದ್ದನ್ನು ಬೆಳಕಿಗೆ ಹಿಡಿದು, ಶೇಡ್ ಕಾರ್ಡ್ ಪಕ್ಕದಲ್ಲಿಟ್ಟು, ಪಾಸ್ ಅಥವಾ ಫೇಲ್ ಎಂದು ಬರೆಯುವುದು ನನ್ನ ಕೆಲಸ. ಶೇಡ್ ಕಾರ್ಡ್ ಎಂದರೆ ಬಣ್ಣದ ಪಟ್ಟಿಗಳ ಒಂದು ಕಟ್ಟು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಪ್ರತಿ ಪಟ್ಟಿಗೂ ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಓವನ್ನಿನಲ್ಲಿ ಹೆಚ್ಚು ಹೊತ್ತು ಬೆಂದರೆ ಬಣ್ಣ ಮಂಕಾಗುತ್ತದೆ. ಮಂಕು ಎಂದರೆ ಫೇಲ್. ಇಪ್ಪತ್ತೆಂಟು ವರ್ಷ ನಾನು ಇದನ್ನು ಮಾಡಿದೆ. ಮುಂದೆ ನಾನು ಮಾಡಿದ ತಪ್ಪನ್ನು ಅರ್ಥ ಮಾಡಿಕೊಳ್ಳಲು ಇಷ್ಟು ತಿಳಿದಿರಬೇಕು.

ಕ್ಯಾಂಟೀನ್ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ನಾನು ಊಟದ ರಸಿಕ ಎಂದಲ್ಲ. ಹಿಂದಿನ ಕಾರ್ಯದರ್ಶಿ ರಸಿಕರಾಗಿದ್ದರು, ಅದರಿಂದ ತೊಂದರೆಯಾಗಿತ್ತು. ನಾನು ಮಠದ ಹಾಸ್ಟೆಲಿನಲ್ಲಿ ಬೆಳೆದವನು. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಆರಕ್ಕೆ ಪ್ರಾರ್ಥನೆ, ಪಂಕ್ತಿಯಲ್ಲಿ ಬಡಿಸಿದ್ದನ್ನು ತಿನ್ನುವುದು, ತಟ್ಟೆಯಲ್ಲಿ ಏನೂ ಬಿಡದಿರುವುದು. ಅಂಥವನ ಕೈಗೆ ಕ್ಯಾಂಟೀನ್ ಕೊಟ್ಟರೆ ಏನಾಗುತ್ತದೆಯೋ ಅದೇ ಆಯಿತು. ಮೊದಲನೆಯ ವಾರವೇ ನಾನು ಅಡುಗೆಮನೆಯ ಗೋಡೆಗೆ ಒಂದು ವೇಳಾಪಟ್ಟಿ ತಗುಲಿಸಿದೆ. ಅಕ್ಕಿ ಹಾಕುವುದು ಇಷ್ಟಕ್ಕೆ, ಬೇಳೆ ಇಳಿಸುವುದು ಇಷ್ಟಕ್ಕೆ, ಸೊಪ್ಪು ಬೇಯಿಸುವುದು ಹನ್ನೊಂದೂಕಾಲಿಗೆ.

ಆಕೆ ಅದನ್ನು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನೋಡಿದರು. ಆಗಲೇ ಐವತ್ತು ದಾಟಿದ ಹೆಂಗಸು. ಕುಳ್ಳು, ಗಟ್ಟಿ ಮೈಕಟ್ಟು, ಮೂಗಿನ ಎರಡೂ ಕಡೆ ಹರಳಿನ ಮೂಗುತಿ. ಮರುದಿನ ನೋಡಿದರೆ ವೇಳಾಪಟ್ಟಿಯ ಮೊಳೆಗೆ ಸಾರಿನ ಸೌಟು ತೂಗುತ್ತಿತ್ತು.

"ಇದೇನಮ್ಮ?" ಎಂದೆ.

"ಮೊಳೆ ಒಸಾದು ಸಾರ್, ಗಟ್ಟಿಯಾಗೈತೆ."

"ಸೊಪ್ಪು ಹನ್ನೊಂದೂಕಾಲಿಗೆ ಬೇಯಬೇಕಿತ್ತು. ಹನ್ನೆರಡೂವರೆ ಆಗ್ತಾ ಬಂತು, ಇನ್ನೂ ಹೆಚ್ಚಿಲ್ಲ."

"ಸೊಪ್ಪಿಗೆ ಗಡಿಯಾರ ಓದಕ್ ಬರಲ್ಲ ಸಾರ್. ಸೈರನ್ ಕೇಳ್ತದೆ."

ನನಗೆ ಇದು ಉದ್ಧಟತನ ಎನ್ನಿಸಿತು. ಆದರೂ ಪರೀಕ್ಷಿಸದೆ ಫೇಲ್ ಮಾಡುವುದು ನಮ್ಮ ವಿಭಾಗದ ಪದ್ಧತಿಯಲ್ಲ. ಸ್ಟಾಪ್‌ವಾಚ್ ತೆಗೆದುಕೊಂಡು ಬಾಗಿಲ ಬಳಿ ನಿಂತೆ. ಆಕೆ ಸೊಪ್ಪನ್ನು ಇಡೀ ಕಟ್ಟಾಗಿಯೇ ಮೂರು ನೀರಿನಲ್ಲಿ ತೊಳೆದು, ಜಾಲರಿ ಬುಟ್ಟಿಗೆ ಹಾಕಿ ನೀರಿಳಿಸಿದ್ದರು. ಹೆಚ್ಚಿದ್ದು ಆಮೇಲೆ. ಹೆಚ್ಚಿ ತೊಳೆಯುವ ಪ್ರಶ್ನೆಯೇ ಇಲ್ಲ. "ಕೂದ್ಲು ಕತ್ತರ್ಸಿ ಆಮೇಲೆ ತಲೆಗೆ ನೀರ್ ಉಯ್ಕತಾರಾ?" ಎಂದು ಸಹಾಯಕ್ಕಿದ್ದ ಹೆಂಗಸನ್ನು ಗದರಿಸುತ್ತಿದ್ದರು. ಹೋಲಿಕೆ ನನಗೆ ಸರಿ ಕಾಣಲಿಲ್ಲ, ಕ್ಷೌರದಂಗಡಿಯಲ್ಲಿ ಹಾಗೆಯೇ ಮಾಡುತ್ತಾರೆ. ಕೆಲಸ ಮಾತ್ರ ಸರಿಯಾಗಿತ್ತು. ಹನ್ನೆರಡೂವರೆಗೆ ಊಟದ ಸೈರನ್ ಹೊಡೆಯಿತು. ಹೊಡೆದೊಡನೆ ಆಕೆ ಸೊಪ್ಪನ್ನು ಕುದಿಯುವ ಪಾತ್ರೆಗೆ ಇಳಿಸಿದರು. ಹೊರಗೆ ಜನ ಕೈಯ ಬಣ್ಣದ ಪುಡಿ ತೊಳೆಯುವುದು, ತಟ್ಟೆ ಹಿಡಿಯುವುದು, ಸಾಲು ನಿಲ್ಲುವುದು ನಡೆದಿತ್ತು. ಮೊದಲನೆಯ ತಟ್ಟೆ ಕಟ್ಟೆಗೆ ತಾಗುವ ಹೊತ್ತಿಗೆ ಸೊಪ್ಪು ಬಸಿದು, ಒಗ್ಗರಣೆ ಬಿದ್ದು, ಕಾಯಿತುರಿ ಬಿದ್ದು ಎದುರಿಗಿತ್ತು. ಆರು ನಿಮಿಷ, ಕೆಲವು ಸೆಕೆಂಡು. ಮುಂದಿನ ಮಂಗಳವಾರವೂ ಆರು ನಿಮಿಷ. ಮೂರನೆಯ ಮಂಗಳವಾರವೂ. ಎರಡನೆಯ ಪಂಕ್ತಿಗೆ ಮತ್ತೆ ಹೊಸದಾಗಿ ಅಷ್ಟೇ.

ನಾಲ್ಕನೆಯ ಮಂಗಳವಾರ ಸೌಟು ತೆಗೆದು ಪಕ್ಕಕ್ಕಿಟ್ಟು, ವೇಳಾಪಟ್ಟಿಯಲ್ಲಿ ಸೊಪ್ಪಿನ ಎದುರು 'ಹನ್ನೊಂದೂಕಾಲು' ಎಂಬುದನ್ನು ಹೊಡೆದು 'ಸೈರನ್' ಎಂದು ತಿದ್ದಿ ಸಹಿ ಹಾಕಿದೆ. ಸೌಟನ್ನು ಮತ್ತೆ ಅಲ್ಲೇ ತೂಗುಹಾಕಿದೆ. ಆಕೆ ನೋಡಿದರು. ಆ ದಿನ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚು ಬಿತ್ತು.

ಸೊಪ್ಪು ಬೇಯಿಸಿದ ನೀರನ್ನು ಆಕೆ ಚೆಲ್ಲುತ್ತಿರಲಿಲ್ಲ. ಅದು ಬಸ್ಸಾರಿಗೆ ಹೋಗುತ್ತಿತ್ತು. ಈ ಸೀಮೆಯ ರೈತರ ಮನೆಗಳಲ್ಲಿ ಎಲ್ಲರೂ ಮಾಡುವುದೇ. ನಮ್ಮ ಕಡೆ ಈ ಅಡುಗೆ ಇಲ್ಲ. ಬೇರೆ ಊರಿನಿಂದ ಬಂದ ಸಹಾಯಕಿಯೊಬ್ಬಳು ಒಮ್ಮೆ ಆ ನೀರನ್ನು ಮೋರಿಗೆ ಸುರಿದಾಗ ಆಕೆ ಎದ್ದು ಮೋರಿಯ ಬಳಿ ಹೋಗಿ ಕೈ ಮುಗಿದರು. "ಊಟ ಮಾಡವ್ವ," ಎಂದು ಮೋರಿಗೆ ಹೇಳಿದರು. "ಇವತ್ತು ನಿನ್ನ ಸರದಿ. ನಮ್ಗೆಲ್ಲ ಸಿಪ್ಪೆ." ಆ ಸಹಾಯಕಿ ಮತ್ತೆ ಸುರಿಯಲಿಲ್ಲ.

ಆದರೆ ಗೇಟಿನ ಕಾವಲುಗಾರನಿಗೆ ಆಕೆ ಬಸ್ಸಾರು ಬಡಿಸುತ್ತಿರಲಿಲ್ಲ. ಅವನ ಪಾಲಿನ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ, ಹಿಂಡಿ, ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದರು. ನಾನು ಇದನ್ನು ಹಿಡಿದೆ.

"ಎಲ್ಲರಿಗೂ ಒಂದು ನಿಯಮ, ಅವನಿಗೊಂದು ನಿಯಮವಾ?"

"ಅವ್ನಿಗೆ ಕಿಡ್ನಿಯಾಗೆ ಕಲ್ಲು ಸಾರ್. ಡಾಕ್ಟ್ರು ಸೊಪ್ಪೇ ಬ್ಯಾಡ ಅಂದವ್ರೆ. ಆ ನೀರು ಕೊಟ್ರೆ ಕಲ್ಲಿಗೆ ಕೂಳು ಆಕ್ದಂಗೆ. ಇಂಗೆ ಇಂಡಿ ಒಂಚೂರು ಕೊಟ್ರೆ ಸುಮ್ಕಿರ್ತಾನೆ. ಇಲ್ಲಾಂದ್ರೆ ಪಕ್ಕದ ತಟ್ಟೆಯಿಂದ ಕದೀತಾನೆ."

ಪ್ಯಾಕಿಂಗ್ ವಿಭಾಗದ ಹೆಂಗಸರಿಗೆ ಇನ್ನೊಂದು ನಿಯಮ. ಅವರ ಸಾಲು ಬಂದಾಗ ಆಕೆ ಒಂದು ನಿಂಬೆಹಣ್ಣು ಕತ್ತರಿಸಿ ಪಲ್ಯದ ಮೇಲೆ ಹಿಂಡುತ್ತಿದ್ದರು. ಪಲ್ಯ ಒಲೆಯಿಂದ ಇಳಿದ ಮೇಲೆ, ಮೊದಲಲ್ಲ. ಏಕೆ ಎಂದು ಕೇಳಿದರೆ, "ಬಿಳಿಚ್ಕಂಡವೆ ಸಾರ್ ಈ ಎಣ್ಮಕ್ಳು. ಉಳಿ ಇಲ್ದೆ ಬರೀ ಸೊಪ್ಪು ಮೈಗೆ ಅತ್ತಲ್ಲ" ಎಂದಿದ್ದರು. ಇಷ್ಟು ವಿನಾಯಿತಿಗಳಿರುವ ನಿಯಮವನ್ನು ನಿಯಮ ಎನ್ನಬಹುದೇ ಎಂದು ನಾನು ಕೇಳಿದೆ. "ಆಳು ನೋಡಿ ನೇಮ" ಎಂದರು. ನಾನು ಇದನ್ನು ಒಪ್ಪಲಿಲ್ಲ, ಆದರೆ ಬರೆದಿಟ್ಟುಕೊಂಡೆ.

ಆಕೆಗೆ ಈ ಕೆಲಸದ ಅಗತ್ಯವಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಮಾಕಳಿಯಲ್ಲಿ ಸ್ವಂತ ಮನೆ, ಹಿಂದೆ ಸಾಲಾಗಿ ಬಾಡಿಗೆ ಕೋಣೆಗಳು. ನಮ್ಮದೇ ಕಾರ್ಖಾನೆಯ ನಾಲ್ಕೈದು ಹುಡುಗರು ಆಕೆಯ ಬಾಡಿಗೆದಾರರು. ಅವರು ಸಾಲಿನಲ್ಲಿ ನಿಂತು "ಓನರ್ ಅಕ್ಕ, ಇನ್ನೊಂದ್ ಮುದ್ದೆ" ಎನ್ನುತ್ತಿದ್ದರು. ಒಮ್ಮೆ ನೇರವಾಗಿಯೇ ಕೇಳಿದೆ.

"ನಿಮಗೆ ಬಾಡಿಗೆ ಬರ್ತದೆ. ಬೆಳಿಗ್ಗೆ ಆರಕ್ಕೆ ಇಲ್ಲಿ ಬಂದು ಯಾಕೆ ಬೆವರ್ತೀರಿ?"

"ಬಾಡಿಗೆನ ಬೇಯ್ಸಕ್ಕಾಯ್ತದಾ ಸಾರ್?" ಎಂದರು. ಒಲೆಯ ಉರಿ ತಗ್ಗಿಸಿ ಹೇಳಿದರು: "ನಮ್ಮೆಜಮಾನ್ರು ಓದ್ಮೇಲೆ ಮನೇಲಿ ಮೂರೇ ಜನ. ಮೂರು ಜನಕ್ಕೆ ಉಪ್ಪಿನ ಅಳತೆ ನಂಗೆ ಸಿಕ್ಕಲ್ಲ. ನೂರಕ್ಕೆ ಕೊಡಿ, ಕಣ್ಮುಚ್ಕಂಡು ಆಕ್ತೀನಿ. ಈ ಒಲೆ ಇರೋವರ್ಗೂ ನಾನಿರ್ತೀನಿ."

ಆ ಒಲೆ ಹೋಗುವ ದಿನ ಬಂತು. ಕೆಲಸ ಹೆಚ್ಚಿ ಇನ್ನೊಂದು ಓವನ್ ಬೇಕಾಗಿತ್ತು, ಇಡಲು ಜಾಗವಿದ್ದದ್ದು ಅಡುಗೆಮನೆ ಒಂದೇ. ಊಟವನ್ನು ಹೊರಗಿನವರಿಂದ ಡಬ್ಬಗಳಲ್ಲಿ ತರಿಸಬಹುದು ಎಂದು ಮ್ಯಾನೇಜರ್ ಯೋಚಿಸಿದರು. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನ್ಯಾಯವಂತರು. "ಸಾರ್, ಸುಮ್ಸುಮ್ನೆ ಚೇಂಜ್ ಮಾಡಿದ್ರೆ ಜನ ಬೈತಾರೆ. ಒಂದಿನ ಎರಡೂ ಊಟ ಪಕ್ಕಪಕ್ಕ ಇಟ್ಟು ನೀವೇ ಇನ್ಸ್‌ಪೆಕ್ಟ್ ಮಾಡಿ. ನೀವು ರಿಪೋರ್ಟಲ್ಲಿ ಏನು ಬರೀತೀರೋ ಅದೇ ಫೈನಲ್," ಎಂದರು.

ಆಕೆಯ ಒಲೆ ಉಳಿಯುವುದೋ ಹೋಗುವುದೋ ನನ್ನ ಒಂದು ಹಾಳೆಯ ಮೇಲೆ ನಿಂತಿತು. ನಾನು ನಿಷ್ಪಕ್ಷಪಾತಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದೇ ತೊಂದರೆಯಾದದ್ದು.

ನಾನು ನಮೂನೆ ಸಿದ್ಧಪಡಿಸಿದೆ. ಸ್ವಚ್ಛತೆ, ಸಮಯ, ಬಿಸಿ, ಉಪ್ಪು, ಬಣ್ಣ. ಒಂದೊಂದಕ್ಕೂ ಹತ್ತು ಅಂಕ. ಆ ದಿನ ಮಂಗಳವಾರ, ಎರಡೂ ಕಡೆ ಅನ್ನ, ಸಾರು, ದಂಟಿನ ಸೊಪ್ಪಿನ ಪಲ್ಯ. ಹೊರಗಿನ ಊಟ ಹನ್ನೆರಡಕ್ಕೇ ಬಂದು ನಿಂತಿತ್ತು. ಆಕೆ ಎಂದಿನಂತೆ ಸೈರನ್ನಿಗೆ ಸೊಪ್ಪು ಇಳಿಸಿ, ಆರು ನಿಮಿಷಕ್ಕೆ ಒಗ್ಗರಣೆ ಹಾಕಿ, ಸಾಲಿನಲ್ಲಿ ಮೊದಲು ಪ್ಯಾಕಿಂಗಿನ ಹೆಂಗಸರಿದ್ದದ್ದರಿಂದ ನಿಂಬೆಯನ್ನೂ ಹಿಂಡಿ ಇಟ್ಟರು. ಮ್ಯಾನೇಜರ್ ಬರುವುದು ಅರ್ಧ ಗಂಟೆ ತಡವಾಯಿತು, ಪಲ್ಯ ಮುಚ್ಚಿದ ಪಾತ್ರೆಯಲ್ಲಿ ಕಾಯಿತು.

ಮೊದಲ ನಾಲ್ಕು ಅಂಕಣಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಬಣ್ಣದ ಅಂಕಣಕ್ಕೆ ಬಂದಾಗ ನಾನು ಎರಡೂ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಒಯ್ದು ಜೇಬಿನಿಂದ ಶೇಡ್ ಕಾರ್ಡ್ ತೆಗೆದೆ. ಜನ ಸುತ್ತ ನಿಂತಿದ್ದರು. ಯಾರೂ ನಗಲಿಲ್ಲ, ನನ್ನನ್ನು ಅವರು ಬಲ್ಲವರು. ಹೊರಗಿನವರ ಪಲ್ಯ ಎಳೆ ಬಾಳೆ ಎಲೆಯ ಹಾಗೆ ಹೊಳೆಯುವ ಹಸಿರು, ಕಾರ್ಡಿನ ಎಲೆಹಸಿರಿಗೆ ಪೂರ್ತಿ ಕೂಡಿಬಂತು. ಆಕೆಯದು ಮಂಕು. ಕಾರ್ಡಿನಲ್ಲಿ ಹುಡುಕಿದರೆ ಆಲಿವ್ ಹಸಿರಿಗೆ ಹತ್ತಿರ, ನಾವು ಮಿಲಿಟರಿ ಪೆಟ್ಟಿಗೆಗಳಿಗೆ ಹಿಡಿಸುವ ಬಣ್ಣ. ಹೆಚ್ಚು ಬೆಂದಿದೆ ಎಂದು ತೀರ್ಮಾನಿಸಿದೆ. ಅವರಿಗೆ ಒಂಬತ್ತು, ಆಕೆಗೆ ಮೂರು.

ಈಗ ಯೋಚಿಸಿದರೆ, ಬೆಳಗಿನ ಜಾವ ಬೆಂದು ಡಬ್ಬದಲ್ಲಿ ಕುಳಿತು ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಂದ ಸೊಪ್ಪು, ಆಗತಾನೆ ಬೆಂದ ಸೊಪ್ಪಿಗಿಂತ ಹಸಿರಾಗಿತ್ತು. ಕಬ್ಬಿಣದಲ್ಲಿ ಇಂಥದು ಕಂಡಿದ್ದರೆ ನಾನು ಆ ಕ್ಷಣವೇ ಕೆಲಸ ನಿಲ್ಲಿಸಿ ಕಾರಣ ಹುಡುಕುತ್ತಿದ್ದೆ. ಅಂದು ಅದನ್ನು ಅವರ ಕಾರ್ಯಕ್ಷಮತೆ ಎಂದು ಬರೆದುಕೊಂಡೆ.

ಆಕೆ ಆ ತಟ್ಟೆಯ ಬಳಿ ಬಂದು ಹೊರಗಿನವರ ಪಲ್ಯ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರು.

"ಬೆಂದಿದೀನಿ ಅಂತ ಈ ಸೊಪ್ಪಿಗೆ ಇನ್ನೂ ಗೊತ್ತಿಲ್ಲ ಸಾರ್," ಎಂದರು. "ಒಲದ ಮಣ್ಣಾಗೇ ಇದೀನಿ ಅನ್ಕಂಡೈತೆ."

"ಅಂದ್ರೆ?"

"ಜಾರ್ತೈತೆ, ನೋಡಿ."

ಜಾರುವುದಕ್ಕೆ ನನ್ನ ನಮೂನೆಯಲ್ಲಿ ಅಂಕಣವಿರಲಿಲ್ಲ. ಕೂಡಿಸಿ, ಸಹಿ ಹಾಕಿ, ಮ್ಯಾನೇಜರಿಗೆ ಕೊಟ್ಟೆ. ತಿಂಗಳ ಕೊನೆಗೆ ಆಕೆ ಹೋಗುವುದು ಎಂದು ಸಂಜೆಯೊಳಗೆ ತೀರ್ಮಾನವಾಯಿತು. ಆಕೆ ಕೇಳಿಸಿಕೊಂಡು ಪಾತ್ರೆಗಳನ್ನು ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದರು. ಹೋಗುವಾಗ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ. "ಸಾರ್, ಆ ಬಣ್ಣದ ಪಟ್ಟೀಲಿ ನನ್ ಸೊಪ್ಪಿನ ಬಣ್ಣಕ್ಕೆ ಎಸ್ರು ಐತಾ?" ಇದೆ ಎಂದೆ, ಪಟ್ಟಿ ತೆಗೆದು ತೋರಿಸಿ ಆಲಿವ್ ಹಸಿರು ಎಂದು ಹೆಸರು ಹೇಳಿದೆ. "ಐತಲ್ಲ, ಅಷ್ಟು ಸಾಕು," ಎಂದು ಹೊರಟರು.

ಮುಂದಿನ ವಾರದಿಂದ ಪರೀಕ್ಷಾರ್ಥ ಹೊರಗಿನ ಊಟ ಶುರುವಾಯಿತು. ಆಕೆ ಬಂದು ಬಡಿಸಿ ಹೋಗುತ್ತಿದ್ದರು, ಅಷ್ಟೆ. ಮಂಗಳವಾರ ನನ್ನ ಎದುರು ಊಟಕ್ಕೆ ಕುಳಿತವಳು ನಮ್ಮ ಪ್ರಯೋಗಾಲಯದ ಹುಡುಗಿ. ತೊಟ್ಟಿಗಳ ನೀರನ್ನು ದಿನವೂ ಪರೀಕ್ಷಿಸುವವಳು, ಗದಗದ ಕಡೆಯವಳು, ನಾಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ತಂದೆತಾಯಿಗಳ ಜೊತೆ ಇದ್ದಳು. ಪಲ್ಯವನ್ನು ಬಾಯಿಗಿಟ್ಟು ನಿಲ್ಲಿಸಿದಳು.

"ಸರ್, ಇದು ಹಿಂಗ್ಯಾಕ ಜಾರಾಕತ್ತೇತ್ರಿ? ಸಾಬಾಣ ಮುಟ್ಟಿದಂಗ ಆಗತೈತಿ."

ಜಾರುವ ಮಾತನ್ನು ನಾನು ಎರಡನೆಯ ಸಲ ಕೇಳುತ್ತಿದ್ದೆ. ಎರಡು ಸಲ ಬಂದ ದೂರನ್ನು ದಾಖಲಿಸಲೇಬೇಕು ಎಂಬುದು ನಾನೇ ಮಾಡಿದ ನಿಯಮ. ಅವಳ ಮೇಲಂಗಿಯ ಜೇಬಿನಲ್ಲಿ ತೊಟ್ಟಿಯ ನೀರು ಹುಳಿಯೋ ಕ್ಷಾರವೋ ಎಂದು ಅದ್ದಿ ನೋಡುವ ಕಾಗದದ ಸುರುಳಿ ಇತ್ತು. ಒಂದು ತುಂಡು ಹರಿದು ಪಲ್ಯದಿಂದ ಒಸರಿದ ನೀರಿಗೆ ತಾಗಿಸಿದಳು. ಹಳದಿ ಕಾಗದ ನೋಡುತ್ತಿದ್ದಂತೆ ನೀಲಿಯ ಕಡೆಗೆ ತಿರುಗಿತು.

"ನಮ್ಮ ಜಿಡ್ಡು ತೊಳೆಯೋ ತೊಟ್ಟಿಗೆ ಇದು ಬೀಗರಾಗಬೇಕ್ ನೋಡ್ರಿ," ಎಂದಳು. "ಅಡಗಿ ಸೋಡಾ ಹಾಕ್ಯಾರ."

ನಾನು ತಟ್ಟೆ ದೂರ ಸರಿಸಿದೆ. ನನ್ನ ಜೀವನದಲ್ಲಿ ತಟ್ಟೆಯಲ್ಲಿ ಬಿಟ್ಟದ್ದು ಅದೊಂದೇ ಸಲ.

"ವಿಷವಾ?"

"ವಿಷ ಅಲ್ರಿ ಸರ್. ಕಡ್ಲಿ ಬೇಯಿಸಾಕ ನಮ್ಮವ್ವನೂ ಚೂರು ಹಾಕ್ತಾಳ. ಆದ್ರ ಸೊಪ್ಪಿಗೆ ಹಾಕಿದ್ರ ಬಣ್ಣ ಅಷ್ಟ ಉಳೀತೈತಿ. ಸಿ ಜೀವಸತ್ವ, ಬಿ ಒಂದು, ಅವು ಕ್ಷಾರದಾಗ ನಿಲ್ಲಂಗಿಲ್ಲ. ಮೊದಲ ಅವು ಬಿಸಿಗೂ ನೀರಿಗೂ ಹೆದರೋವು. ಸೊಪ್ಪಿನಾಗಿನ ಕಬ್ಬಿಣ ಎಲ್ಲಿಗೂ ಓಡಿ ಹೋಗಂಗಿಲ್ರಿ, ಆದ್ರ ಅದನ್ನ ಮೈ ಎಳಕೊಳ್ಳಾಕ ಸಿ ಬೇಕು. ಅದಕ್ಕ ಅಕ್ಕ ಕಡೀಗೆ ನಿಂಬಿಹಣ್ಣು ಹಿಂಡತಿದ್ರಲ್ಲ."

"ಹಾಗಾದ್ರೆ ಆಕೆಯ ಪಲ್ಯ ಮಂಕಾಗಿದ್ದು ಯಾಕೆ? ಹೆಚ್ಚು ಬೆಂದಿದ್ದಕ್ಕಲ್ವಾ?"

"ಹುಳಿ ಬಿದ್ದ ಕೂಡ್ಲೆ ಹಸಿರು ಮಂಕ ಆಗತೈತ್ರಿ ಸರ್. ಬಿಸಿ ಬಿಸಿ ಮುಚ್ಚಿಟ್ರ ಇನ್ನೂ ಜಾಸ್ತಿ. ಆವತ್ತು ಅರ್ಧ ತಾಸು ಕಾದೀವಲ್ಲ. ಆರು ನಿಮಿಷ ಬೆಂದದ್ದಕ್ಕ ನೀವ ಗಡಿಯಾರ ಹಿಡಿದೋರು."

ಕಾವಲುಗಾರನ ಹಿಂಡಿದ ಸೊಪ್ಪನ್ನೂ ಕೇಳಿದೆ. ಕಲ್ಲಿಗೆ ಕಾರಣವಾಗುವ ಅಂಶವೂ ಬಹುಪಾಲು ಬೇಯಿಸಿದ ನೀರಿಗೇ ಇಳಿಯುತ್ತದಂತೆ. ಒಗ್ಗರಣೆಯ ಎಣ್ಣೆ ಸುಮ್ಮನೆ ರುಚಿಗಲ್ಲ, ಸೊಪ್ಪಿನ ಎ ಜೀವಸತ್ವ ಎಣ್ಣೆಯ ಜೊತೆ ಚೆನ್ನಾಗಿ ಮೈಗೆ ಸೇರುತ್ತದಂತೆ, ಹಸಿಯಾಗಿ ತಿಂದದ್ದಕ್ಕಿಂತ ಬೇಯಿಸಿದಾಗ ಸುಲಭವಂತೆ. ಆಕೆಯ ಒಂದೊಂದು ವಿನಾಯಿತಿಗೂ ಕಾರಣವಿತ್ತು. ಕಾರಣಗಳನ್ನು ಹುಡುಗಿ ಹೇಳುತ್ತ ಹೋದಳು, ನಾನು ಕರವಸ್ತ್ರದ ಮೇಲೆ ಪೆನ್ಸಿಲಿನಿಂದ ಬರೆದುಕೊಂಡೆ, ಹಾಳೆ ತಂದಿರಲಿಲ್ಲ.

ನಮ್ಮಲ್ಲಿ ಸಹಿಯಾದ ತಪಾಸಣಾ ವರದಿಯನ್ನು ಹರಿಯುವಂತಿಲ್ಲ, ತಿದ್ದುವಂತಿಲ್ಲ. ತಪ್ಪಾಗಿದ್ದರೆ ಅದರ ಹಿಂದೆ ದೋಷಪತ್ರ ಲಗತ್ತಿಸಬೇಕು. ಅದರಲ್ಲಿ ಮೂರು ಅಂಕಣ: ದೋಷವೇನು, ದೋಷ ಯಾರದು, ಮತ್ತೆ ಆಗದಂತೆ ಏನು ಕ್ರಮ. ಬೇರೆಯವರ ಕೆಲಸದ ಮೇಲೆ ನಾನು ನೂರಾರು ದೋಷಪತ್ರ ಬರೆದಿದ್ದೆ. ನನ್ನ ವರದಿಯ ಮೇಲೆ ಒಂದೂ ಇರಲಿಲ್ಲ. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿರುವಂತೆ ನಾನೇ ನೋಡಿಕೊಂಡಿದ್ದೆ.

ಅಂದು ಊಟದ ನಂತರದ ಹತ್ತು ನಿಮಿಷದ ವಿಶ್ರಾಂತಿಯನ್ನು ಬಿಟ್ಟು ಬರೆದೆ. ದೋಷ: ಸೋಡಾ ಹಾಕಿದ ಸೊಪ್ಪಿಗೆ ಬಣ್ಣದ ಕಾರಣಕ್ಕೆ ಹೆಚ್ಚು ಅಂಕ ನೀಡಲಾಗಿದೆ, ಸರಿಯಾಗಿ ಬೆಂದ ಸೊಪ್ಪನ್ನು ತಿರಸ್ಕರಿಸಲಾಗಿದೆ. ದೋಷ ಯಾರದು: ತಪಾಸಕರದು. ಕ್ರಮ: ಇನ್ನು ಮುಂದೆ ಶೇಡ್ ಕಾರ್ಡನ್ನು ಕ್ಯಾಂಟೀನಿಗೆ ಒಯ್ಯತಕ್ಕದ್ದಲ್ಲ.

ಮ್ಯಾನೇಜರ್ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು.

"ಸಾರ್, ಅವರ ಜೊತೆ ಅಗ್ರಿಮೆಂಟ್ ಆಗ್ಬಿಟ್ಟಿದೆ. ಓವನ್ ಆರ್ಡರ್ ಆಗಿದೆ. ಒಂದು ಸೊಪ್ಪಿಗೋಸ್ಕರ ಇಷ್ಟೆಲ್ಲಾನಾ?"

"ಒಂದು ಬ್ಯಾಚ್ ಕೆಟ್ಟಿದ್ರೆ ಏನ್ ಮಾಡ್ತೀರಿ?"

"ಆ ಬ್ಯಾಚ್ ವಾಪಸ್ ಕಳಿಸ್ತೀವಿ."

"ಹಾಗೇ ಮಾಡಿ."

"ಅನ್ನ, ಸಾರು ಚೆನ್ನಾಗೇ ಇದೆಯಲ್ಲ ಸಾರ್. ಅದರಲ್ಲಿ ನೀವೇನೂ ದೋಷ ಬರೆದಿಲ್ಲ."

ಬರೆದಿರಲಿಲ್ಲ. ಇಲ್ಲದ ದೋಷ ಬರೆಯಲು ನನಗೆ ಬರುವುದಿಲ್ಲ. ಹಾಗಾಗಿ ಇತ್ಯರ್ಥ ಹೀಗಾಯಿತು: ಓವನ್ ಬರುತ್ತದೆ. ಅನ್ನ, ಸಾರು ಹೊರಗಿನಿಂದ. ಸೊಪ್ಪು, ತರಕಾರಿ ಪಲ್ಯ ಮಾತ್ರ ಇಲ್ಲೇ. ಅದಕ್ಕೆ ಓವನ್ನಿಗೂ ಕೈ ತೊಳೆಯುವ ನಲ್ಲಿಗಳಿಗೂ ನಡುವೆ ಉಳಿಯುವ ಜಾಗದಲ್ಲಿ ಒಂದು ಒಲೆ.

ದೋಷಪತ್ರವನ್ನು ನಾನೇ ಆಕೆಗೆ ತೋರಿಸಿದೆ.

"ಓದಿ ಸಾರ್," ಎಂದರು. ಆಕೆಗೆ ನಿಧಾನವಾಗಿ ಓದಲು ಬರುತ್ತಿತ್ತು, ಆದರೂ ನಾನು ಓದಬೇಕಾಯಿತು. ಪಾತ್ರೆ ತಿಕ್ಕುವ ಹೆಂಗಸರು ಕೈ ನಿಲ್ಲಿಸಿ ಕೇಳಿದರು. 'ದೋಷ ಯಾರದು' ಎಂಬಲ್ಲಿ, "ಅದಿನ್ನೊಂದ್ ಸಲ ಓದಿ, ನಲ್ಲಿ ಸದ್ದಲ್ಲಿ ಕೇಳಿಸ್ಲಿಲ್ಲ," ಎಂದರು. ನಲ್ಲಿ ನಿಂತಿತ್ತು. ಇನ್ನೊಂದು ಸಲ ಓದಿದೆ.

"ಬರೀ ಸೊಪ್ಪಾ?" ಎಂದು ಕೇಳಿದರು.

"ಸೊಪ್ಪು, ತರಕಾರಿ."

ಒಲೆ ಇಡುವ ಜಾಗವನ್ನು ನೋಡಿದರು. ಅಲ್ಲಿಂದ ಕೈ ತೊಳೆಯುವ ನಲ್ಲಿ ಎರಡು ಹೆಜ್ಜೆ. "ಅನ್ನ ಯಾರ್ ಬೇಕಾದ್ರೂ ಬೇಯಿಸ್ತಾರೆ ಬಿಡಿ," ಎಂದರು.

ಅಲ್ಲಿಂದ ಎಂಟು ವರ್ಷ ಆಕೆ ಒಂದು ಕಡೆ ಓವನ್ನಿನ ಕಾವು, ಒಂದು ಕಡೆ ಜನ ಕೈ ತೊಳೆಯುವ ನೀರಿನ ಸಿಡಿತ, ಇವೆರಡರ ನಡುವೆ ನಿಂತು ಸೊಪ್ಪು ಬೇಯಿಸಿದರು. ಮಧ್ಯೆ ಸೈರನ್ ತೆಗೆದು ಎಲ್ಲರೂ ಹಾಜರಿ ಕಾರ್ಡ್ ತೋರಿಸುವ ಯಂತ್ರ ಬಂತು. ನಾನು ಆತಂಕದಿಂದ ಹೋಗಿ ನೋಡಿದರೆ, ಆಕೆ ಮೊದಲನೆಯವನು ನಲ್ಲಿ ತಿರುಗಿಸಿದ ಸದ್ದಿಗೆ ಸೊಪ್ಪು ಇಳಿಸುತ್ತಿದ್ದರು. ಅಳೆದೆ. ಮೊದಲಿಗಿಂತ ಒಂದು ನಿಮಿಷ ಕಡಿಮೆಯಾಗಿತ್ತು. "ನೀರು ಮೊದ್ಲೇ ಬುಸುಗುಡ್ತಾ ಇರ್ಬೇಕು, ಬೆಂಕಿ ಜಾಸ್ತಿ ಮಾಡ್ಕಂಡಿದೀನಿ," ಎಂದು ಕೇಳುವ ಮೊದಲೇ ಹೇಳಿದರು.

ನಡೆದದ್ದನ್ನು ಆಕೆ ಎಂದೂ ಎತ್ತಿ ಆಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ಮಂಗಳವಾರ ನಾನು ತಟ್ಟೆ ಚಾಚಿದಾಗ, ಹಿಂದೆ ಸಾಲು ನಿಂತಿರುವಾಗ, ಸೌಟು ಮೇಲೆಯೇ ಹಿಡಿದು, "ಸಾರ್, ಪಟ್ಟಿ ತಂದಿದೀರಾ?" ಎನ್ನುತ್ತಿದ್ದರು. ಇಲ್ಲ ಎನ್ನುವವರೆಗೂ ಸೌಟು ಇಳಿಯುತ್ತಿರಲಿಲ್ಲ. ಆರು ವರ್ಷದ ಮಂಗಳವಾರಗಳು. ನಾನು ನಿವೃತ್ತನಾದ ದಿನವೂ ಮಂಗಳವಾರವಾಗಿತ್ತು, ಆ ದಿನವೂ ಕೇಳಿದರು. ನನ್ನ ಮುಂದೆ ಹಾರ, ಮ್ಯಾನೇಜರ್, ಎಲ್ಲರೂ ಇದ್ದರು. ಇಲ್ಲ ಎಂದೆ.

ಎರಡು ವರ್ಷದ ನಂತರ ಆಕೆಯೂ ಮೊಣಕಾಲು ನೋವೆಂದು ಬಿಟ್ಟರು. ಆಮೇಲೆ ನಾವು ಭೇಟಿಯಾಗಲಿಲ್ಲ. ಹೊಸ ವರ್ಷಕ್ಕೆ, ದೀಪಾವಳಿಗೆ ಮಗನ ಫೋನಿನಿಂದ ಮಾತಾಡುತ್ತಿದ್ದರು. ಮಂಗಳವಾರ ಸೊಪ್ಪು ತಿಂದಿರಾ ಎಂದು ವಿಚಾರಿಸುತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮಾಕಳಿಗೆ ಹೋದೆ. ಆಕೆಯ ಮನೆಯನ್ನು ನಾನು ನೋಡಿದ್ದು ಅದೇ ಮೊದಲು. ಹಳೆಯ ಮನೆಯ ಮೇಲೆ ಎರಡು ಅಂತಸ್ತು ಎದ್ದಿತ್ತು. ಊಟಕ್ಕೆ ಕರೆದಾಗ ಕೈ ತೊಳೆಯಲು ಹಿತ್ತಲಿಗೆ ಹೋದೆ. ನಲ್ಲಿಯ ಪಕ್ಕದಲ್ಲಿಯೇ ಅಡುಗೆಮನೆಯ ಕಿಟಕಿ. ಒಳಗೆ ಆಕೆಯ ಸೊಸೆ ಹೆಚ್ಚಿದ ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ನಾನು ನಲ್ಲಿ ತಿರುಗಿಸಿದೆ. ಅವಳು ಕಿಟಕಿಯ ಕಡೆ ನೋಡಿ, ಸೊಪ್ಪನ್ನು ಪಾತ್ರೆಗೆ ಇಳಿಸಿದಳು.

ಆಗ ಕಿಟಕಿಯ ಗ್ರಿಲ್ ಕಂಡಿತು. ಮೇಲೆ ನೋಡಿದೆ. ಎರಡೂ ಅಂತಸ್ತಿನ ಅಷ್ಟೂ ಕಿಟಕಿಗಳಿಗೆ ಅದೇ ಬಣ್ಣ, ಮಂಕು ಆಲಿವ್ ಹಸಿರು. ಟವೆಲ್ ಹಿಡಿದು ಬಂದ ಮಗ ನಾನು ನೋಡುವುದನ್ನು ನೋಡಿದ.

"ನಿಮ್ ಫ್ಯಾಕ್ಟ್ರೀಲೇ ಮಾಡ್ಸಿದ್ದು ಸಾರ್, ನೀವು ಬಿಟ್ಮೇಲೆ. ನಾನು ಬಿಳೀದು ಅಂದೆ, ಅಮ್ಮ ಕೇಳ್ಲೇ ಇಲ್ಲ. ಅಲ್ಲಿ ಓಗಿ ಎಸ್ರು ಏಳಿ ಇದೇ ಬೇಕು ಅಂತ ಕೂತ್ಬಿಟ್ರು. ಬಾಡಿಗೆಗೆ ಬಂದೋರೆಲ್ಲಾ ಇದೇನ್ ಮಿಲಿಟರಿ ಕ್ಯಾಂಪಾ ಅಂತಾರೆ. ಈಗ ಅಮ್ಮಾನೂ ಇಲ್ಲ, ಬದ್ಲಾಯಿಸ್ಬಿಡಾನ ಅಂತಿದೀನಿ. ನೀವು ಬಣ್ಣದೋರು, ನೀವೇ ಏಳಿ ಸಾರ್."

ನಾನು ಕೈ ಒರೆಸಿಕೊಂಡು ಹತ್ತಿರ ಹೋದೆ. ಒಂದು ಸರಳನ್ನು ಬೆಳಕಿಗೆ ಓರೆಯಾಗಿ ನೋಡಿದೆ, ಬೆಸುಗೆಯ ಮೂಲೆಗಳಲ್ಲಿ ಬೆರಳಾಡಿಸಿದೆ. ಗುಳ್ಳೆ ಇಲ್ಲ, ಚುಕ್ಕೆ ಇಲ್ಲ, ಎಲ್ಲ ಕಡೆ ಒಂದೇ ಸಮ ಬೆಂದಿತ್ತು.

"ಬದಲಾಯಿಸೋ ಹಾಗಿಲ್ಲ," ಎಂದೆ. "ಇದು ಪಾಸಾಗಿದೆ."

"ಯಾವಾಗ ಸಾರ್?"

"ಈಗ."

ಒಳಗೆ ಒಗ್ಗರಣೆ ಚಟಗುಟ್ಟಿತು. ಗಡಿಯಾರ ನೋಡಿಕೊಂಡೆ. ಐದು ನಿಮಿಷವಾಗಿತ್ತು. ಎಲೆಯ ಮುಂದೆ ಹೋಗಿ ಕುಳಿತೆ.